ಡಿಬಿಎಸ್ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ: ಮೊದಲ ಮೂರು ತಿಂಗಳ ಆರೈಕೆ

ಪಾರ್ಕಿನ್ಸನ್ ಕಾಯಿಲೆಗೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್, ಮಾಡಿಸಿಕೊಂಡು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ತಮ್ಮ ಊರಿಗೆ ಮರಳುವವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಾವನವರಿಗೆ ಈ ಶಸ್ತ್ರಚಿಕಿತ್ಸೆ ಆದಾಗ, ಸಿಂಧನೂರು ಸೀಮೆಯ ನಮ್ಮ ಮನೆಯಲ್ಲಿ ಅವರ ಆರೈಕೆಯ ಹೊಣೆ ಬಹುಪಾಲು ನನ್ನ ಮೇಲೆ ಬಿತ್ತು. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿತ್ತು. ಅದರಲ್ಲಿದ್ದುದನ್ನು ಅರ್ಥ ಮಾಡಿಕೊಳ್ಳಲು, ಇಲ್ಲದ್ದನ್ನು ಫೋನು ಮಾಡಿ ಕೇಳಿ ತಿಳಿಯಲು ನನಗೆ ವಾರಗಟ್ಟಲೆ ಹಿಡಿಯಿತು. ಆ ವಾರಗಳು ನಿಮಗೆ ಉಳಿಯಲಿ ಎಂಬುದೇ ನನ್ನ ಆಸೆ. ನಿಮ್ಮ ವೈದ್ಯರು ಬರೆದುಕೊಟ್ಟದ್ದಕ್ಕೂ ಇಲ್ಲಿರುವುದಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ವೈದ್ಯರು ಹೇಳಿದಂತೆಯೇ ನಡೆಯಿರಿ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ದವಾಖಾನೆಯಿಂದ ಹೊರಬಿದ್ದ ದಿನ ಚಿಕಿತ್ಸೆ ಮುಗಿದಿರುವುದಿಲ್ಲ. ಮೈಯೊಳಗೆ ಮಷಿನ್ ಕೂತಿರುತ್ತದೆ, ಆದರೆ ಅದನ್ನು ರೋಗಿಯ ದೇಹಕ್ಕೆ ಹೊಂದಿಸುವ ಕೆಲಸ ಇನ್ನೂ ಮುಂದಿರುತ್ತದೆ, ಮತ್ತು ಅದಕ್ಕೆ ಮೂರರಿಂದ ಆರು ತಿಂಗಳು ಬೇಕಾಗಬಹುದು. ಈ ನಡುವಿನ ಕಾಲದಲ್ಲಿ ಕಾಣುವ ಸುಧಾರಣೆಯನ್ನಾಗಲಿ ಹಿನ್ನಡೆಯನ್ನಾಗಲಿ ಶಸ್ತ್ರಚಿಕಿತ್ಸೆಯ ಅಂತಿಮ ಫಲವೆಂದು ಎಣಿಸಬಾರದು. ಮನೆಯವರು ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಮೂರು: ಗಾಯ, ಗುಳಿಗೆಯ ಹೊತ್ತು, ಮತ್ತು ಬರೆದಿಡುವ ಪುಸ್ತಕ.

ಮೈಯೊಳಗೆ ಏನಿದೆ

ಮೆದುಳಿನ ಆಳದಲ್ಲಿ ಅವರೆಕಾಳಿನಷ್ಟು ಗಾತ್ರದ ಒಂದು ಭಾಗವಿದೆ. ಪಾರ್ಕಿನ್ಸನ್ ಇರುವವರಲ್ಲಿ ಹೆಚ್ಚಾಗಿ ಅಲ್ಲಿಗೆ, ಇಲ್ಲವೇ ಅದರ ಸಮೀಪದ ಇನ್ನೊಂದು ಕೇಂದ್ರಕ್ಕೆ, ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪನಾದ ತಂತಿಯನ್ನು ಇಳಿಸಿರುತ್ತಾರೆ. ತಲೆಬುರುಡೆಯಲ್ಲಿ ಮಾಡಿದ ಸಣ್ಣ ರಂಧ್ರದಿಂದ ಹೊರಬರುವ ಆ ತಂತಿಗೆ ಕಿವಿಯ ಹಿಂಭಾಗದಲ್ಲಿ ಇನ್ನೊಂದು ತಂತಿ ಜೋಡಣೆಯಾಗಿ, ಅದು ಕುತ್ತಿಗೆಯ ಚರ್ಮದ ಕೆಳಗೆ ಹಾದು, ಎದೆಯ ಮೇಲ್ಭಾಗದಲ್ಲಿ ಕೊರಳೆಲುಬಿನ ಕೆಳಗೆ ಕೂರಿಸಿದ ಬ್ಯಾಟರಿಯನ್ನು ಸೇರುತ್ತದೆ. ಬ್ಯಾಟರಿ ಕಳುಹಿಸುವ ಸಣ್ಣ ವಿದ್ಯುತ್ ಮಿಡಿತಗಳು ಮೆದುಳಿನ ಆ ಭಾಗದ ಅಡ್ಡಾದಿಡ್ಡಿ ಸಂಕೇತಗಳನ್ನು ಹಿಡಿತಕ್ಕೆ ತರುತ್ತವೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಅಲಿಮ್ ಲೂಯಿ ಬೆನಾಬಿದ್ ಮತ್ತು ಅವರ ಸಂಗಡಿಗರು 1987ರಲ್ಲಿ ಇಂದಿನ ರೂಪದ ಈ ಚಿಕಿತ್ಸೆಗೆ ದಾರಿ ಮಾಡಿದರು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಸೇರಿದಂತೆ ಬೆಂಗಳೂರಿನ ಕೆಲವು ಕಡೆ ಇದು ನಡೆಯುತ್ತದೆ.

ಇದರಿಂದ ಕಾಯಿಲೆ ಗುಣವಾಗುವುದಿಲ್ಲ. ನಡುಕ, ಮೈ ಬಿಗಿತ, ನಿಧಾನಗತಿ, ಗುಳಿಗೆಯ ಪ್ರಭಾವ ಇಳಿದಾಗ ಮೈ ಕಟ್ಟಿದಂತಾಗುವುದು, ಗುಳಿಗೆ ಹೆಚ್ಚಾದಾಗ ಮೈ ತಾನಾಗಿ ತೂಗಾಡುವುದು, ಇವು ಕಡಿಮೆಯಾಗುತ್ತವೆ. ಮಾತಿನ ಸ್ಪಷ್ಟತೆ, ನುಂಗುವುದು, ಸಮತೋಲ, ನೆನಪು, ಇವುಗಳ ವಿಷಯದಲ್ಲಿ ಹೆಚ್ಚಿನ ಲಾಭ ನಿರೀಕ್ಷಿಸುವಂತಿಲ್ಲ. ಇದನ್ನು ಬಂಧುಗಳಿಗೂ ಮೊದಲೇ ಹೇಳಿಡಿ, ಯಾಕೆಂದರೆ ಮಾತಾಡಿಸಲು ಬರುವವರೆಲ್ಲ ‘ಇಷ್ಟು ರೊಕ್ಕ ಹಾಕಿ ಮಾತು ಸುದ್ದ ಆಗಿಲ್ಲಲ್ಲ’ ಎಂದು ರೋಗಿಯ ಎದುರಿಗೇ ಆಡಿಬಿಡುತ್ತಾರೆ.

ಊರಿಗೆ ಬರುವ ದಾರಿ

ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇವೆ. ಕೆಳಗಿನ ಬರ್ತ್ ಸಿಗುವುದಾದರೆ ಸ್ಥಿತಿ ಸ್ಥಿರವಾಗಿರುವ ರೋಗಿಗೆ ರೈಲೇ ಹಿತ. ನಿಲ್ದಾಣದಲ್ಲಿ ಲೋಹಶೋಧಕ ಬಾಗಿಲಿದ್ದರೆ ದವಾಖಾನೆ ಕೊಟ್ಟ ಗುರುತಿನ ಚೀಟಿಯನ್ನು ತೋರಿಸಿ ಪಕ್ಕದಿಂದ ಹೋಗಲು ಕೇಳಿ. ಹಾದುಹೋಗಲೇಬೇಕಾದರೆ ಅದರ ನಡುವೆ ನಿಲ್ಲದೆ ಸಹಜ ನಡಿಗೆಯಲ್ಲಿ ದಾಟಬೇಕು.

ಕಾರಿನಲ್ಲಿ ಬರುವವರು ಸೀಟ್ ಬೆಲ್ಟಿನ ಬಗ್ಗೆ ಯೋಚಿಸಬೇಕು. ಬ್ಯಾಟರಿ ಎಡ ಎದೆಯಲ್ಲಿದ್ದರೆ ರೋಗಿಯನ್ನು ಹಿಂದಿನ ಸೀಟಿನ ಬಲ ತುದಿಗೆ ಕೂರಿಸಿ. ಆಗ ಬೆಲ್ಟು ಬಲ ಹೆಗಲಿನಿಂದ ಇಳಿಯುತ್ತದೆ. ಬಲಗಡೆ ಇದ್ದರೆ ಎಡ ತುದಿಗೆ ಕೂರಿಸಿ. ಬೆಲ್ಟು ಹಾಕದೇ ಇರುವುದು ಮಾತ್ರ ಬೇಡ. ಬೇರೆ ದಾರಿಯಿಲ್ಲದಿದ್ದರೆ ಗಾಯಕ್ಕೂ ಬೆಲ್ಟಿಗೂ ನಡುವೆ ಮೆತ್ತನೆಯ ಟವೆಲ್ಲನ್ನು ಮಡಿಸಿ ಇಡಿ. ನಾವು ಪ್ರತಿ ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಮಾವನವರನ್ನು ನಾಲ್ಕು ಹೆಜ್ಜೆ ನಡೆಸಿದೆವು, ಗುಳಿಗೆಯ ಡಬ್ಬಿಯನ್ನು ಚೀಲದಲ್ಲಿಡದೆ ಕೈಯಲ್ಲೇ ಹಿಡಿದಿದ್ದೆವು.

ಗಾಯದ ಆರೈಕೆ

ತಲೆಯ ಮೇಲೆ, ಕಿವಿಯ ಹಿಂದೆ, ಎದೆಯಲ್ಲಿ, ಹೀಗೆ ಮೂರು ಕಡೆ ಗಾಯಗಳಿರುತ್ತವೆ. ಹೊಲಿಗೆ ಅಥವಾ ಪಿನ್ನುಗಳನ್ನು ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ತೆಗೆಯುತ್ತಾರೆ. ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕೋ ಜಿಲ್ಲಾ ದವಾಖಾನೆಯಲ್ಲಿ ತೆಗೆಸಬಹುದೋ ಎಂಬುದನ್ನು ಡಿಸ್ಚಾರ್ಜಿಗೆ ಮೊದಲೇ ಕೇಳಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ತಲೆಗೆ ನೀರು ಬೀಳಬಾರದು. ಕುತ್ತಿಗೆಯಿಂದ ಕೆಳಗೆ ಎದೆಯ ಗಾಯವನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಹೊಲಿಗೆ ತೆಗೆದ ಮೇಲೂ ವೈದ್ಯರು ಒಪ್ಪುವತನಕ ಎಣ್ಣೆ ಹಚ್ಚುವುದು, ತಲೆಗೆ ಬಣ್ಣ ಹಚ್ಚುವುದು ಬೇಡ.

ನಮ್ಮ ಕಡೆ ಗಾಯ ಎಂದರೆ ಅರಿಶಿನ, ಹರಳೆಣ್ಣೆ, ವಿಭೂತಿ ತಕ್ಷಣ ನೆನಪಾಗುತ್ತವೆ. ಭಕ್ತಿಯಿಂದ ತಂದವರ ವಿಭೂತಿಯನ್ನು ಹಣೆಗೆ ಹಚ್ಚಿ, ಗಾಯಕ್ಕೆ ಮಾತ್ರ ಏನನ್ನೂ ಸೋಂಕಿಸಬೇಡಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೇರೆ ಗಾಯಕ್ಕೆ ಕೀವಾದರೆ ಔಷಧದಿಂದ ವಾಸಿಯಾಗಬಹುದು. ಇಲ್ಲಿ ಸೋಂಕು ಬ್ಯಾಟರಿಗೋ ತಂತಿಗೋ ತಲುಪಿದರೆ ಇಡೀ ಮಷಿನನ್ನೇ ತೆಗೆಯಬೇಕಾಗಿ ಬರಬಹುದು.

ಹಿರಿಯರು ರುಮಾಲು ಸುತ್ತುವವರಾದರೆ ಕೆಲವು ವಾರ ಅದನ್ನು ಬಿಡಲಿ. ತಲೆಯ ಮೇಲೆ ಕೈಗೆ ಸಿಗುವ ಎರಡು ಸಣ್ಣ ಗುಬುಟುಗಳು ಬುರುಡೆಯ ರಂಧ್ರ ಮುಚ್ಚಿದ ಮುಚ್ಚಳಗಳು. ಬಿಗಿ ಸುತ್ತು ಅವುಗಳ ಮೇಲಿನ ಚರ್ಮವನ್ನು ಒತ್ತುತ್ತದೆ. ಬಿಸಿಲಿಗೆ ಹೊರಡುವಾಗ ಒಗೆದ ತೆಳು ಹತ್ತಿಬಟ್ಟೆಯನ್ನು ಸಡಿಲವಾಗಿ ಹೊದ್ದರೆ ಸಾಕು. ಗಾಯ ಮಾಯುವವರೆಗೆ ಹೆಲ್ಮೆಟ್ ಹಾಕುವಂತಿಲ್ಲ, ಆದ್ದರಿಂದ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಇಲ್ಲ. ಚಾಳೀಸು ಹಾಕುವವರಿಗೆ ಇನ್ನೊಂದು ಸೂಕ್ಷ್ಮವಿದೆ: ಅದರ ಕಡ್ಡಿ ಕೂರುವ ಜಾಗದ ಹತ್ತಿರವೇ ತಂತಿಗಳ ಜೋಡಣೆ ಇರುತ್ತದೆ. ಮಾವನವರ ಕಿವಿಯ ಹಿಂದೆ ಒಂದು ದಿನ ಕೆಂಪಾದ ಗೆರೆ ಕಂಡು ನಾನು ಬೆಚ್ಚಿದೆ. ಫೋಟೊ ತೆಗೆದು ವೈದ್ಯರಿಗೆ ಕಳುಹಿಸಿದಾಗ, ಚಾಳೀಸಿನ ಕಡ್ಡಿ ಉಜ್ಜಿದ್ದೆಂದು ತಿಳಿಯಿತು. ಕಡ್ಡಿಯನ್ನು ಅಗಲಿಸಿ, ತುದಿಗೆ ಮೆತ್ತನೆಯ ಹತ್ತಿ ಸುತ್ತಿದ ಮೇಲೆ ಗೆರೆ ಮಾಯವಾಯಿತು. ಹೆಣ್ಣುಮಕ್ಕಳಾದರೆ ಕುಬಸದ ಹೊಲಿಗೆಯ ಅಂಚು, ತಾಳಿಸರ ಎದೆಯ ಗಾಯವನ್ನು ಉಜ್ಜದಂತೆ ನೋಡಿಕೊಳ್ಳಬೇಕು. ಮುಂದೆ ಗುಂಡಿಯಿರುವ ಸಡಿಲ ಬಟ್ಟೆ ಯಾರಿಗಾದರೂ ಒಳ್ಳೆಯದು, ತಲೆಯ ಮೇಲಿಂದ ಎಳೆದು ತೊಡುವ ಬಟ್ಟೆ ಬೇಡ.

ಬ್ಯಾಟರಿ ಇರುವ ಕಡೆಯ ಕೈಯನ್ನು ಹೆಗಲಿನ ಮಟ್ಟಕ್ಕಿಂತ ಮೇಲೆ ಎತ್ತುವುದು, ಕೊಡ ಹೊರುವುದು, ಮಗುವನ್ನು ಎತ್ತಿಕೊಳ್ಳುವುದು, ಕುತ್ತಿಗೆಯನ್ನು ಫಕ್ಕನೆ ತಿರುಗಿಸುವುದು, ಇವನ್ನು ವೈದ್ಯರು ಹೇಳಿದಷ್ಟು ವಾರ ನಿಲ್ಲಿಸಬೇಕು. ಚರ್ಮದ ಕೆಳಗೆ ತಂತಿ ಇನ್ನೂ ಭದ್ರವಾಗಿ ಕೂತಿರುವುದಿಲ್ಲ. ದಿನಬಳಕೆಯ ವಸ್ತುಗಳನ್ನು ಗೋಡೆಯ ಮಾಡದಿಂದ ಇಳಿಸಿ ಸೊಂಟದ ಎತ್ತರಕ್ಕೆ ಇಡಿ. ಬ್ಯಾಟರಿಯ ಉಬ್ಬನ್ನು ಕೈಯಿಂದ ಅದುಮುವ, ಹೊರಳಿಸುವ ಚಾಳಿ ಬಾರದಂತೆ ನೋಡಿಕೊಳ್ಳಿ, ಅದರಿಂದ ತಂತಿ ಸುರುಳಿಯಾಗಿ ಎಳೆದುಕೊಳ್ಳುವುದುಂಟು.

ಗಾಯ ಮಾಯ್ದ ಎಷ್ಟೋ ತಿಂಗಳ ನಂತರವೂ ತಂತಿಯ ಮೇಲಿನ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ನೋವಿಲ್ಲದಿದ್ದರೂ, ಅಂದೇ ವೈದ್ಯರಿಗೆ ತಿಳಿಸಿ.

ಮೊದಲ ದಿನಗಳ ಸುಧಾರಣೆ ಮತ್ತು ಆಮೇಲಿನ ಇಳಿತ

ಶಸ್ತ್ರಚಿಕಿತ್ಸೆಯ ಮೂರನೇ ದಿನ, ಮಷಿನ್ ಇನ್ನೂ ಚಾಲೂ ಆಗಿರಲಿಲ್ಲ, ಮಾವನವರು ಚಹಾದ ಬಸಿಯನ್ನು ಒಂದೇ ಕೈಯಲ್ಲಿ ಹಿಡಿದರು. ಬಸಿ ಅಲುಗಲಿಲ್ಲ. ‘ಯವ್ವಾ, ಕೈ ನಿಂತೈತಿ ನೋಡು’ ಎಂದು ಕರೆದು ತೋರಿಸಿದರು. ಆರು ವರ್ಷಗಳಲ್ಲಿ ಮೊದಲ ಬಾರಿ ಅವರ ಬಸಿಯಿಂದ ಚಹಾ ಚೆಲ್ಲಿರಲಿಲ್ಲ. ಊರಿಗೆ ಬಂದ ಎರಡನೇ ವಾರ ನಡುಕ ಮೆಲ್ಲಗೆ ಮರಳಿತು. ಅವರು ಮಾತು ಬಿಟ್ಟರು, ಮನೆಯಲ್ಲಿ ಎಲ್ಲರೂ ಕುಸಿದು ಕೂತೆವು.

ನಮಗೆ ಯಾರೂ ಮೊದಲೇ ತಿಳಿಸಿರದ ಸಂಗತಿ ಇದು. ತಂತಿ ಇಳಿಸುವಾಗ ಮೆದುಳಿನ ಆ ಜಾಗಕ್ಕೆ ಆಗುವ ಸಣ್ಣ ಪೆಟ್ಟು ಮತ್ತು ಅಲ್ಲಿ ಉಂಟಾಗುವ ಬಾವಿನಿಂದಲೇ ಕೆಲವರಲ್ಲಿ ಕೆಲವು ದಿನ ಅಥವಾ ವಾರ ಲಕ್ಷಣಗಳು ತಗ್ಗುತ್ತವೆ. ಬಾವು ಇಳಿದಂತೆ ಲಕ್ಷಣಗಳು ಮರಳುತ್ತವೆ. ಚಿಕಿತ್ಸೆ ಸೋತಿತೆಂದು ಇದರ ಅರ್ಥವಲ್ಲ. ಮಷಿನನ್ನು ಚಾಲೂ ಮಾಡಿ ಹೊಂದಿಸುವ ಕೆಲಸಕ್ಕೆ ಅನೇಕ ಕಡೆ ಎರಡರಿಂದ ನಾಲ್ಕು ವಾರ ಕಾಯುವುದಕ್ಕೂ ಈ ಬಾವೇ ಒಂದು ಕಾರಣ: ಅದು ಇಳಿಯುವ ಮೊದಲು ಹೊಂದಿಸಿದರೆ ಅಳತೆ ತಪ್ಪುತ್ತದೆ.

ವಯಸ್ಸಾದವರಿಗೆ ಮೊದಲ ಕೆಲವು ದಿನ ಹೊತ್ತು ಗೊತ್ತಾಗದಂತೆ, ರಾತ್ರಿ ಗಲಿಬಿಲಿಯಾದಂತೆ ಆಗಬಹುದು. ಕೋಣೆಯಲ್ಲಿ ಮಂದ ಬೆಳಕಿರಲಿ, ಪರಿಚಿತರೊಬ್ಬರು ಹತ್ತಿರ ಮಲಗಲಿ, ವೈದ್ಯರಿಗೂ ತಿಳಿಸಿ. ಗಲಿಬಿಲಿ ಹೆಚ್ಚುತ್ತಾ ಹೋದರೆ, ಇಲ್ಲವೇ ಸುಮ್ಮನೆ ಮಂಪರಿಗೆ ಜಾರುತ್ತಿದ್ದರೆ ಕಾಯಬೇಡಿ.

ಗುಳಿಗೆ, ಊಟ, ಬಿಸಿಲು

ಲೆವೊಡೋಪಾ ಗುಳಿಗೆಯನ್ನು, ನಮ್ಮಲ್ಲಿ ಬಹಳ ಮಂದಿಗೆ ಸಿಂಡೋಪಾ ಎಂಬ ಹೆಸರಿನಿಂದ ಗೊತ್ತಿರುವುದನ್ನು, ‘ಮಷಿನ್ ಕೂರಿಸಿದ್ದಾರಲ್ಲ’ ಎಂದು ಮನೆಯಲ್ಲೇ ನಿಲ್ಲಿಸುವುದು ಅಪಾಯ. ಏಕಾಏಕಿ ನಿಲ್ಲಿಸಿದರೆ ಮೈ ಕಲ್ಲಿನಂತೆ ಬಿಗಿದು, ವಿಪರೀತ ಜ್ವರ ಏರಿ, ಪ್ರಜ್ಞೆ ಮಸುಕಾಗಿ ಜೀವಕ್ಕೇ ಕುತ್ತು ಬರಬಹುದು. ಪ್ರೋಗ್ರಾಮಿಂಗ್, ಅಂದರೆ ಮಷಿನನ್ನು ಹೊಂದಿಸುವ ಕೆಲಸ, ಮುಂದುವರಿದಂತೆ ಗುಳಿಗೆ ಕಡಿಮೆ ಆಗಬಹುದು, ಆದರೆ ಎಷ್ಟು, ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು.

ಪ್ರೋಟೀನ್ ಹೆಚ್ಚಿರುವ ಊಟ ಈ ಗುಳಿಗೆ ರಕ್ತದಿಂದ ಮೆದುಳಿಗೆ ಹೋಗುವುದಕ್ಕೆ ಅಡ್ಡ ಬರುತ್ತದೆ. ಆದ್ದರಿಂದ ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲವೇ ಊಟವಾಗಿ ಒಂದು ತಾಸಿನ ನಂತರ ಕೊಡುವುದು ರೂಢಿ. ನಾವು ಬೆಳಿಗ್ಗೆ ಆರಕ್ಕೆ ಗುಳಿಗೆ ಕೊಟ್ಟು, ಏಳಕ್ಕೆ ಜೋಳದ ಅಂಬಲಿ ಕೊಡುತ್ತೇವೆ. ಹೆಸರುಬೇಳೆ, ಶೇಂಗಾ, ಮೊಸರಿನ ಪಾಲನ್ನು ರಾತ್ರಿಯ ಊಟಕ್ಕೆ ಹೆಚ್ಚಿಸಿದ್ದೇವೆ. ನುಂಗಲು ತಡವರಿಸುವವರಿಗೆ ಕಡಕ್ ರೊಟ್ಟಿ ಕೊಡಬೇಡಿ. ಬಿಸಿ ರೊಟ್ಟಿಯನ್ನು ಮುರಿದು ಬೇಳೆಸಾರಿನಲ್ಲಿ ಚೆನ್ನಾಗಿ ನೆನೆಸಿ, ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ಕೆಳಗಿಳಿಸಿಕೊಂಡು ನುಂಗಲು ಹೇಳಿ. ಮಲಬದ್ಧತೆ ಈ ಕಾಯಿಲೆಯ ಸಂಗಾತಿ, ಹಾಗಾಗಿ ಸೊಪ್ಪಿನ ಪಲ್ಯ, ನೀರು, ಹಣ್ಣು ತಪ್ಪದಿರಲಿ.

ಸ್ಥಳೀಯ ವೈದ್ಯರ ಬಳಿ ಹೋಗಬೇಕಾಗಿ ಬಂದಾಗ ಪಾರ್ಕಿನ್ಸನ್ ಇರುವುದನ್ನು ಮೊದಲ ಮಾತಿನಲ್ಲೇ ಹೇಳಿ. ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜೀನ್, ಗಲಾಟೆ ಮಾಡುವ ರೋಗಿಗೆ ಕೊಡುವ ಹ್ಯಾಲೊಪೆರಿಡಾಲ್, ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಕೆರಳಿಸುತ್ತವೆ. ಈ ಮೂರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಗುರುತಿನ ಕಾರ್ಡಿನ ಹಿಂದೆ ಅಂಟಿಸಿಡಿ.

ರಾಯಚೂರಿನ ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಪಾರ್ಕಿನ್ಸನ್ ಮತ್ತು ಅದರ ಗುಳಿಗೆ ಎರಡೂ ಎದ್ದು ನಿಂತಾಗ ರಕ್ತದೊತ್ತಡ ಇಳಿಸುತ್ತವೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಅದು ಇನ್ನೂ ಜೋರಾಗಿ, ಕಣ್ಣು ಕತ್ತಲೆಗಟ್ಟಿ ಬೀಳುತ್ತಾರೆ. ಹೊರಸಿನಿಂದ ಏಳುವಾಗ ಮೊದಲು ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಆಮೇಲೆ ಆಧಾರ ಹಿಡಿದು ಏಳಲಿ. ಮಾಳಿಗೆಯ ಮೇಲೆ ಮಲಗುವ ರೂಢಿಯನ್ನು ಈ ವರ್ಷ ಬಿಡಿಸಿ. ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲುಗಳಿಗೆ ಸುಣ್ಣದ ಬಿಳಿ ಪಟ್ಟಿ ಬಳಿಯಿರಿ, ಅದನ್ನು ಕಂಡು ಕಾಲೆತ್ತಲು ಅವರಿಗೆ ಸುಲಭವಾಗುತ್ತದೆ. ಬಚ್ಚಲಿನಲ್ಲಿ ಹಿಡಿಕೆ, ಪಾಯಖಾನೆಯಲ್ಲಿ ಕಮೋಡ್ ಕುರ್ಚಿ ಅವರು ಬರುವ ಮುನ್ನವೇ ಆಗಬೇಕು.

ಪುಸ್ತಕ ಮತ್ತು ಪ್ರೋಗ್ರಾಮಿಂಗ್

ಮಷಿನ್ ಹೊಂದಿಸುವವರು ರೋಗಿಯನ್ನು ನೋಡುವುದು ಒಂದೆರಡು ತಾಸು ಮಾತ್ರ, ಅದೂ ಪ್ರಯಾಣದಿಂದ ದಣಿದ ದಿನ. ಉಳಿದ ದಿನಗಳನ್ನು ಅವರಿಗೆ ತೋರಿಸುವುದು ನಿಮ್ಮ ಪುಸ್ತಕ. ನೂರು ಹಾಳೆಯ ನೋಟ್‌ಬುಕ್ ಸಾಕು. ನನ್ನ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: ‘6:00 ಗುಳಿಗೆ. 6:45 ಕೈ ಸಡಿಲ, ತಾವೇ ಗುಂಡಿ ಹಾಕಿಕೊಂಡರು. 9:20 ಬಲಗಾಲು ನೆಲಕ್ಕೆ ಅಂಟಿದಂತೆ. 10:00 ಗುಳಿಗೆ. 11:10 ಕುತ್ತಿಗೆ ತೂಗಾಟ, ಹತ್ತು ನಿಮಿಷ. ಸಂಜೆ ಮಾತು ಸಣ್ಣ, ಫೋನಿನಲ್ಲಿ ಮಗಳಿಗೆ ಕೇಳಿಸಲಿಲ್ಲ.’ ‘ಇವತ್ತು ಚೆನ್ನಾಗಿದ್ದರು’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಹೊತ್ತು, ಯಾವ ಅಂಗ, ಎಷ್ಟು ನಿಮಿಷ ಎಂಬುದು ಬೇಕು. ನಡಿಗೆಯ ಒಂದು ನಿಮಿಷದ ವಿಡಿಯೊವನ್ನು ವಾರಕ್ಕೊಮ್ಮೆ ಅದೇ ಅಂಗಳದಲ್ಲಿ ತೆಗೆದಿಡಿ.

ಮೊದಲ ಪ್ರೋಗ್ರಾಮಿಂಗ್‌ಗೆ ಕೆಲವೊಮ್ಮೆ ರಾತ್ರಿಯ ಗುಳಿಗೆಯಿಂದ ಮುಂದೆ ಏನೂ ಕೊಡದೆ ಬರಲು ಹೇಳುತ್ತಾರೆ. ಆ ಸ್ಥಿತಿಯಲ್ಲಿ ರೈಲು ಹತ್ತುವುದು ಕಷ್ಟ, ಹಾಗಾಗಿ ಹಿಂದಿನ ದಿನವೇ ತಲುಪಿ ದವಾಖಾನೆಯ ಸಮೀಪ ಉಳಿದುಕೊಳ್ಳಿ. ಅಲ್ಲಿ ವಿದ್ಯುತ್ತಿನ ಪ್ರಮಾಣ, ಪ್ರತಿ ಮಿಡಿತದ ಅವಧಿ, ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಮೂರನ್ನು ಸ್ವಲ್ಪಸ್ವಲ್ಪವೇ ಬದಲಿಸಿ ನೋಡುತ್ತಾರೆ. ಜುಮ್ಮೆನ್ನುವುದು, ಮುಖದ ಒಂದು ಬದಿ ಎಳೆಯುವುದು, ಮಾತು ತೊದಲುವುದು, ಎರಡೆರಡು ಕಾಣುವುದು ಆದರೆ ತಕ್ಷಣ ಹೇಳಲು ರೋಗಿಗೆ ಮೊದಲೇ ತಿಳಿಸಿ. ಸಂಕೋಚದಿಂದ ಸುಮ್ಮನಿದ್ದರೆ ಅದೇ ಅಳತೆ ಉಳಿದುಬಿಡುತ್ತದೆ. ಊರಿಗೆ ಬಂದ ಮೇಲೆ ಕಂಡರೂ ಫೋನು ಮಾಡಿ, ಹಲವನ್ನು ಅಳತೆ ಬದಲಿಸಿ ಸರಿಪಡಿಸಬಹುದು.

ಶಾಖದ ಮಷಿನ್ ಮತ್ತು ಅಯಸ್ಕಾಂತ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಎರಡನೇ ತಿಂಗಳಲ್ಲಿ ಮಾವನವರಿಗೆ ಹೆಗಲು ಹಿಡಿದುಕೊಂಡಿತು. ಪಟ್ಟಣದ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿದ್ದ ಹುಡುಗ ಒಳ್ಳೆಯವನು, ‘ಹತ್ತು ನಿಮಿಷ ಶಾಖ ಕೊಡ್ತೀನ್ರಿ’ ಎಂದು ಎರಡು ಪ್ಯಾಡುಗಳನ್ನು ಹೆಗಲಿನ ಮುಂದೆ ಹಿಂದೆ ಇಡಲು ಬಂದ. ಎದೆಯ ಉಬ್ಬನ್ನು ಕಂಡು ಅವನು ಕೇಳಿದ, ನಾನು ಕಾರ್ಡು ತೋರಿಸಿದೆ, ಅವನು ಪ್ಯಾಡುಗಳನ್ನು ಕೆಳಗಿಟ್ಟ. ಅದು ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ತರಂಗಗಳಿಂದ ಮೈಯೊಳಗೆ ಶಾಖ ಹುಟ್ಟಿಸುವ ಚಿಕಿತ್ಸೆ. ಡಿಬಿಎಸ್ ಇರುವವರಿಗೆ ಶಾರ್ಟ್‌ವೇವ್, ಮೈಕ್ರೋವೇವ್, ಅಲ್ಟ್ರಾಸೌಂಡ್, ಈ ಯಾವ ಡಯಾಥರ್ಮಿಯನ್ನೂ ದೇಹದ ಯಾವ ಭಾಗಕ್ಕೂ ಕೊಡಬಾರದು, ಮಷಿನ್ ಬಂದ್ ಇದ್ದರೂ ಕೊಡಬಾರದು. ಆ ಶಕ್ತಿ ತಂತಿಯ ಮೂಲಕ ಹರಿದು ಮೆದುಳಿನೊಳಗಿನ ತುದಿಯನ್ನು ಕಾಯಿಸುತ್ತದೆ. ಇದರಿಂದ ಸಾವು ಸಂಭವಿಸಿದ ಪ್ರಕರಣಗಳಿವೆ. ಹೊಟ್ಟೆಯ ಸ್ಕ್ಯಾನಿಂಗ್, ಎಕ್ಸ್‌ರೇ, ಸಿಟಿ ಸ್ಕ್ಯಾನ್ ಬೇರೆ, ಅವನ್ನು ಮಾಡಿಸಬಹುದು. ಎಂಆರ್‌ಐ ಮಾತ್ರ ಮಷಿನಿನ ಮಾದರಿಯನ್ನು ನೋಡಿ, ಡಿಬಿಎಸ್ ಮಾಡಿದ ವೈದ್ಯರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಹಲ್ಲು ಕೀಳಿಸುವುದಿರಲಿ, ಕಣ್ಣಿನ ಪೊರೆ ತೆಗೆಸುವುದಿರಲಿ, ಮೊದಲು ಅವರಿಗೆ ಒಂದು ಫೋನು ಮಾಡಿ.

ಮನೆಯ ಫ್ರಿಜ್, ಟಿವಿ, ಮಿಕ್ಸರ್, ಫ್ಯಾನುಗಳಿಂದ ತೊಂದರೆಯಿಲ್ಲ. ಮೊಬೈಲನ್ನು ಬ್ಯಾಟರಿ ಇರುವ ಕಡೆಯ ಅಂಗಿ ಜೇಬಿನಲ್ಲಿ ಇಡಬೇಡಿ, ಅಯಸ್ಕಾಂತವಿರುವ ಮೊಬೈಲ್ ಕವರ್, ನೋವಿಗೆಂದು ಮಾರುವ ಅಯಸ್ಕಾಂತದ ಬಳೆ, ಹಾಸಿಗೆ ಬೇಡ. ಇಂಡಕ್ಷನ್ ಒಲೆ, ವೆಲ್ಡಿಂಗ್ ಅಂಗಡಿಗಳಿಂದ ಮಷಿನಿನ ಪುಸ್ತಿಕೆ ಹೇಳಿದಷ್ಟು ದೂರವಿರಿ. ಜಾತ್ರೆ, ಮದುವೆಗಳಲ್ಲಿ ದೊಡ್ಡ ಸೌಂಡ್ ಬಾಕ್ಸುಗಳಿಗೆ ಒರಗಿ ನಿಲ್ಲುವುದು ಬೇಡ, ಅವುಗಳೊಳಗೆ ಭಾರಿ ಅಯಸ್ಕಾಂತವಿರುತ್ತದೆ. ಗವಿಮಠದ ಜಾತ್ರೆಗೆ ಹೋಗಬೇಕೆಂಬ ಹಿರಿಯರನ್ನು ತಡೆಯಬೇಕಾಗಿಲ್ಲ, ದೂರ ಕೂರಿಸಿದರೆ ಆಯಿತು. ತೋರಣಗಲ್ಲಿನಂತಹ ಕಡೆ ಉಕ್ಕಿನ ಕಾರ್ಖಾನೆಗಳಲ್ಲಿ ಕುಲುಮೆಯ ಬಳಿ ದುಡಿಯುವವರು ಕೆಲಸಕ್ಕೆ ಮರಳುವ ಮುನ್ನ ವೈದ್ಯರಿಗೆ ತಮ್ಮ ಕೆಲಸದ ಜಾಗವನ್ನು ವಿವರವಾಗಿ ಹೇಳಲೇಬೇಕು.

ಮನಸ್ಸು

ಕೈಕಾಲು ಸುಧಾರಿಸುತ್ತಿರುವಾಗಲೇ ಕೆಲವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲದಂತೆ, ಅಳು ಬಂದಂತೆ ಆಗುತ್ತದೆ. ಇನ್ನು ಕೆಲವರು ತದ್ವಿರುದ್ಧವಾಗಿ ನಿದ್ದೆಗೆಟ್ಟು, ಅತಿ ಉತ್ಸಾಹದಿಂದ ಹಣ ಚೆಲ್ಲತೊಡಗುತ್ತಾರೆ. ಎರಡಕ್ಕೂ ಗುಳಿಗೆಯ ಬದಲಾವಣೆ ಇಲ್ಲವೇ ಮಷಿನಿನ ಅಳತೆ ಕಾರಣವಿರಬಹುದು. ಅದನ್ನು ಸ್ವಭಾವದ ದೋಷವೆಂದು ಬೈಯಬೇಡಿ, ಪುಸ್ತಕದಲ್ಲಿ ಬರೆದು ವೈದ್ಯರಿಗೆ ಹೇಳಿ. ಬದುಕು ಸಾಕು ಎಂಬ ಮಾತು ಬಾಯಿಂದ ಬಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರನ್ನು ಸಂಪರ್ಕಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ತಡಮಾಡದೆ ಹೊರಡಬೇಕಾದ ಹೊತ್ತು

ತಡೆಯಲಾರದ ತಲೆನೋವು, ಒಂದು ಬದಿಯ ಕೈಕಾಲು ಸೋಲುವುದು, ಹಠಾತ್ತಾಗಿ ಮಾತು ನಿಲ್ಲುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ದವಾಖಾನೆಗೆ ಹೋಗಿ. ಬೆಂಗಳೂರಿಗೆ ಫೋನು ದಾರಿಯಲ್ಲಿ ಮಾಡಿದರಾಯಿತು. 100.4 ಡಿಗ್ರಿ ಮೀರಿದ ಜ್ವರ, ಗಾಯ ಕೆಂಪೇರಿ ಊದುವುದು, ಕೀವು ಅಥವಾ ನೀರು ಜಿನುಗುವುದು ಕಂಡರೆ ಅಂದೇ ತೋರಿಸಬೇಕು. ಎಲ್ಲ ಲಕ್ಷಣಗಳೂ ಒಮ್ಮೆಲೇ ಮರಳಿದರೆ ಮೊದಲು ಮಷಿನಿನ ಜೊತೆ ಕೊಟ್ಟ ರಿಮೋಟಿನಲ್ಲಿ ಅದು ಚಾಲೂ ಇದೆಯೇ ಎಂದು ನೋಡಿ. ಬಂದ್ ಆಗಿದ್ದು ನಿಮಗೆ ಚಾಲೂ ಮಾಡಲು ಕಲಿಸಿದ್ದರೆ ಚಾಲೂ ಮಾಡಿ, ಆಗದಿದ್ದರೆ ತಕ್ಷಣ ಕರೆ ಮಾಡಿ. ಬ್ಯಾಟರಿ ಪೂರ್ತಿ ಮುಗಿದು ದಿನಗಟ್ಟಲೆ ನಿಂತರೆ ಅದು ತುರ್ತು ಸ್ಥಿತಿಯೇ.

ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ, ಆಮೇಲೆ ಎದೆಯ ಭಾಗದಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಬದಲಿಸುತ್ತಾರೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನು ಪ್ರತಿ ಭೇಟಿಯಲ್ಲೂ ಕೇಳಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಚಾರ್ಜ್ ಮಾಡುವ ಬಗೆಯದು ಹದಿನೈದು ವರ್ಷದಷ್ಟು ಬಾಳುತ್ತದೆ, ಆದರೆ ಚಾರ್ಜ್ ಮರೆಯುವಂತಿಲ್ಲ. ಮಾವನವರದು ಈ ಬಗೆಯದು. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ, ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡದೆ ಪ್ರತಿ ಸೋಮವಾರ ಮತ್ತು ಗುರುವಾರ ಸಂಜೆ ಚಾರ್ಜರನ್ನು ತೆಳು ಬಟ್ಟೆಯ ಮೇಲಿಂದ ಎದೆಗೆ ಇಟ್ಟು, ಪಡಸಾಲೆಯಲ್ಲಿ ಅವರ ಪಕ್ಕ ಕೂತು, ಆ ವಾರದ ಪುಟಗಳನ್ನು ಅವರಿಗೆ ಓದಿ ಹೇಳುತ್ತೇನೆ. ನಾನು ತಪ್ಪು ಬರೆದಿದ್ದರೆ ಅವರು ತಿದ್ದಿಸುತ್ತಾರೆ.